ತೂಕ ಇಳಿಸುವ ಇಂಜೆಕ್ಷನ್ ತಗೊಳ್ಳುವ ಹೆಂಗಸರಿಗೆಂದು ಮಾರುವ ‘ಶರತ್ಕಾಲದ ಕಿಟ್’: ಕೊಳ್ಳುವ ಮುಂಚೆ ಓದಿ

ಕೂದಲಿಗೆ ಅಂತ ಬಯೋಟಿನ್ (ಒಂದು ಬಿ ವಿಟಮಿನ್) ಇರುವ, ಅಗಿದು ತಿನ್ನುವ ಗಮ್ಮಿ ತಗೊಳ್ಳುತ್ತಿದ್ದೀರಾ? ಹಾಗಿದ್ದರೆ ಮುಂದಿನ ರಕ್ತ ಪರೀಕ್ಷೆಗೆ ಹೋಗುವ ಮೊದಲು ಇದನ್ನು ಓದಿಬಿಡಿ. ನನಗೆ ಇಲ್ಲದ ಥೈರಾಯ್ಡ್ ಕಾಯಿಲೆ ನನ್ನ ರಿಪೋರ್ಟಿನಲ್ಲಿ ಬಂದಿತ್ತು. ಇನ್ನೇನು ಅದಕ್ಕೆ ಮಾತ್ರೆಯೂ ಶುರುವಾಗುವುದರಲ್ಲಿತ್ತು.

ನಾನು ತಗೊಳ್ಳುವುದು ಟಿರ್ಜೆಪಟೈಡ್. ವಾರಕ್ಕೊಂದು ಇಂಜೆಕ್ಷನ್. ತೂಕ ಚೆನ್ನಾಗಿ ಇಳಿಯುತ್ತಿತ್ತು, ಜೊತೆಗೆ ಕೂದಲೂ ಉದುರುತ್ತಿತ್ತು. ಮಲಬದ್ಧತೆ, ಒಣ ಚರ್ಮ, ಅರ್ಧಂಬರ್ಧ ನಿದ್ದೆ. ಇದನ್ನೆಲ್ಲ ನನ್ನ ಫೋನು ಅದು ಹೇಗೆ ತಿಳಿದುಕೊಂಡಿತೋ, ಒಂದು ಜಾಹೀರಾತು ಪದೇ ಪದೇ ಬರತೊಡಗಿತು. ‘ತೂಕದ ಔಷಧಿ ತಗೊಳ್ಳುವ ಮಹಿಳೆಯರಿಗಾಗಿಯೇ, ಶರತ್ಕಾಲದ ಆರೈಕೆ.’ ಕಿಟ್‌ನಲ್ಲಿ ಕೂದಲಿನ ಗಮ್ಮಿ, ರಾತ್ರಿ ಕುಡಿಯುವ ‘ಹೊಟ್ಟೆ ಹಗುರ’ ಟೀ, ನಿದ್ದೆಗೆ ಮೆಗ್ನೀಸಿಯಂ ಪುಡಿ, ಕಾಲಜನ್ ಪುಡಿ, ಮೈಗೆ ಕ್ರೀಮು, ಒಂದು ಸುವಾಸನೆಯ ಮೇಣದಬತ್ತಿ. ಡಬ್ಬಿಯ ಮುಂದೆಯೇ ದಪ್ಪಕ್ಷರದಲ್ಲಿ ‘ನಿಮ್ಮ ಔಷಧಿಯ ಜೊತೆ ಸುರಕ್ಷಿತ’ ಅಂತ ಬರೆದಿತ್ತು.

ಮೊದಲು ಟೀ ಕಥೆ. ಮೊದಲ ರಾತ್ರಿ ಕುಡಿದೆ, ಬೆಳಗ್ಗೆ ಹೊಟ್ಟೆ ಸಲೀಸಾಗಿ ಖಾಲಿಯಾಯಿತು. ತುಂಬ ಖುಷಿಯಾಯಿತು, ಸುಳ್ಳು ಹೇಳಲ್ಲ. ಆಮೇಲೆ ಹೊಟ್ಟೆ ಹಿಂಡುವ ನೋವು, ಅದರ ಹಿಂದೆಯೇ ಭೇದಿ. ಎದ್ದು ನಿಂತರೆ ಕಣ್ಣು ಕತ್ತಲೆ, ಸುಮ್ಮನೆ ಕೂತರೂ ಎದೆ ಡವಡವ. ಡಬ್ಬಿಯ ಹಿಂದಿನ ಸಣ್ಣಕ್ಷರ ಓದಿದರೆ ಟೀಯಲ್ಲಿದ್ದದ್ದು ಸೆನ್ನಾ. ನಮ್ಮ ಸೋನಾಮುಖಿ ಎಲೆ. ಅದು ಭೇದಿಗೆ ಕೊಡುವ ಔಷಧಿ ಕಣ್ರೀ! ಕರುಳನ್ನು ಕೆರಳಿಸಿ ಹೊಟ್ಟೆ ಖಾಲಿ ಮಾಡಿಸುತ್ತದೆ. ಡಾಕ್ಟರ್ ಹೇಳದೆ ಒಂದು ವಾರಕ್ಕಿಂತ ಜಾಸ್ತಿ ತಗೊಳ್ಳಬಾರದು ಅಂತ ಮೆಡಿಕಲ್ ಶಾಪಿನ ಸೆನ್ನಾ ಮಾತ್ರೆಯ ಮೇಲೆ ಎಚ್ಚರಿಕೆ ಇರುತ್ತದೆ. ಈ ಟೀಯನ್ನು ಮಾತ್ರ ಇಡೀ ಋತು ದಿನಾ ಕುಡಿಯಿರಿ ಅಂತ ಕಿಟ್‌ನ ಕಾರ್ಡಿನಲ್ಲಿ ಬರೆದಿದ್ದರು.

ಅದರ ಮೇಲೆ ಮೆಗ್ನೀಸಿಯಂ ಪುಡಿ. ಅದೂ ಕರುಳಿಗೆ ನೀರು ಎಳೆದು ಭೇದಿ ಮಾಡಿಸುವಂಥದ್ದೇ. ದೊಡ್ಡವರು ಸಪ್ಲಿಮೆಂಟ್ ರೂಪದಲ್ಲಿ ದಿನಕ್ಕೆ 350 ಮಿಲಿಗ್ರಾಂ ದಾಟಬಾರದು ಅನ್ನುವ ಮಿತಿ ಇರುವುದು ಇದಕ್ಕಾಗಿಯೇ. ಅಂದರೆ ಒಂದು ಡಬ್ಬಿ, ಎರಡು ಭೇದಿ ಔಷಧಿ, ಹೆಸರು ಮಾತ್ರ ‘ಆರೈಕೆ’.

ಬೇರೆಯವರಿಗಾದರೆ ಇದು ನಾಲ್ಕು ದಿನದ ಹೊಟ್ಟೆನೋವಿನಲ್ಲಿ ಮುಗಿಯಬಹುದು. ನಮ್ಮ ಕಥೆ ಬೇರೆ. ನನ್ನ ಟಿರ್ಜೆಪಟೈಡ್ ಆಗಲಿ, ತೂಕಕ್ಕೇ ಕೊಡುವ ಇನ್ನೊಂದು ಔಷಧಿ ಸೆಮಾಗ್ಲುಟೈಡ್ ಆಗಲಿ, ಹಸಿವು ಕಡಿಮೆ ಮಾಡುತ್ತವೆ, ಹೊಟ್ಟೆ ಖಾಲಿಯಾಗುವುದನ್ನು ನಿಧಾನ ಮಾಡುತ್ತವೆ. ನಾವು ತಿನ್ನುವುದೇ ಕಡಿಮೆ, ಕುಡಿಯುವುದೂ ಕಡಿಮೆ. ತಂಪು ಹವೆಯಲ್ಲಿ ಬಾಯಾರಿಕೆಯೂ ಅಷ್ಟಾಗಿ ಗೊತ್ತಾಗಲ್ಲ. ವಾಂತಿ ಭೇದಿಯಿಂದ ಮೈಯಲ್ಲಿ ನೀರು ಇಳಿದರೆ ಕಿಡ್ನಿಗೆ ಪೆಟ್ಟು ಬೀಳಬಹುದು ಅಂತ ಈ ಇಂಜೆಕ್ಷನ್‌ಗಳ ಜೊತೆ ಬರುವ ಹಾಳೆಯಲ್ಲೇ ಇದೆ. ಇಂಥವರಿಗೆ ಹುಡುಕಿ ಹುಡುಕಿ ಭೇದಿ ಟೀ ಮಾರುತ್ತಾರೆ. ಕಾರ್ಡಿನಲ್ಲಿ ಇನ್ನೊಂದು ಸಲಹೆಯೂ ಇತ್ತು: ಟೀ ಕುಡಿದ ಮೇಲೆ ಬಿಸಿನೀರಿನಲ್ಲಿ ಹಾಯಾಗಿ ಮುಳುಗಿ ಕೂತುಕೊಳ್ಳಿ ಅಂತ. ನೀರಿಳಿದ ಮೈಗೆ ಬಿಸಿನೀರು ಬಿದ್ದರೆ ಬಿಪಿ ಇನ್ನೂ ಕೆಳಗೆ ಹೋಗುತ್ತದೆ. ಎದ್ದ ತಕ್ಷಣ ತಲೆ ಸುತ್ತಿ ಬಿದ್ದರೆ ಹಿಡಿಯೋರು ಯಾರು?

ಟೀ ಬಿಟ್ಟೆ. ಎದೆ ಡವಡವ ಅನ್ನುತ್ತಿತ್ತಲ್ಲ, ಡಾಕ್ಟರ್ ಹತ್ತಿರ ಹೋದೆ. ರಕ್ತ ಪರೀಕ್ಷೆ ಬರೆದುಕೊಟ್ಟರು. ಥೈರಾಯ್ಡ್‌ಗೆ ಕೆಲಸ ಮಾಡು ಅಂತ ಹೇಳುವ ಹಾರ್ಮೋನ್ ಟಿಎಸ್‌ಎಚ್ ತೀರಾ ಕಡಿಮೆ, ಥೈರಾಯ್ಡ್ ತಯಾರಿಸುವ ಹಾರ್ಮೋನ್ ಟಿ4 ಜಾಸ್ತಿ ಅಂತ ರಿಪೋರ್ಟ್ ಬಂತು. ಥೈರಾಯ್ಡ್ ಮಿತಿಮೀರಿ ಕೆಲಸ ಮಾಡುತ್ತಿದೆ ಅಂತ ಅರ್ಥ. ಆ ಕಾಯಿಲೆಯ ಲಕ್ಷಣಗಳನ್ನು ನೋಡಿ: ತೂಕ ಇಳಿಯುವುದು, ಕೂದಲು ಉದುರುವುದು, ಎದೆ ಬಡಿತ ಜೋರಾಗುವುದು, ಭೇದಿ, ನಿದ್ದೆ ಬಾರದಿರುವುದು. ಒಂದನ್ನೂ ಬಿಡದೆ ನನಗೆ ಎಲ್ಲ ಇತ್ತು! ತೂಕಕ್ಕೆ ಇಂಜೆಕ್ಷನ್ ಕಾರಣ, ಭೇದಿಗೆ ಟೀ ಕಾರಣ. ಆದರೆ ಹಾಳೆಯ ಮೇಲೆ ಎಲ್ಲವೂ ಸೇರಿ ಅಚ್ಚುಕಟ್ಟಾದ ಥೈರಾಯ್ಡ್ ಕೇಸು. ಯಾವ ಡಾಕ್ಟರೇ ಆದರೂ ನಂಬುತ್ತಿದ್ದರು.

ಮಾತ್ರೆ ಬರೆಯುವ ಮುಂಚೆ ನಮ್ಮ ಡಾಕ್ಟರ್ ಕೇಳಿದ್ದು ಒಂದೇ ಪ್ರಶ್ನೆ. “ಕೂದಲಿಗೆ ಏನಾದರೂ ತಗೊಳ್ತಿದೀರಾ?” ಗಮ್ಮಿಯ ಫೋಟೋ ತೋರಿಸಿದೆ. ಬಯೋಟಿನ್, 10,000 ಮೈಕ್ರೋಗ್ರಾಂ. ದೊಡ್ಡವರಿಗೆ ದಿನಕ್ಕೆ ಸಾಕಾಗುವುದು 30 ಮೈಕ್ರೋಗ್ರಾಂ. “ಇದನ್ನ ನಿಲ್ಲಿಸಿ, ಆಮೇಲೆ ಇನ್ನೊಂದು ಸಲ ಟೆಸ್ಟ್ ಮಾಡ್ಸೋಣ” ಅಂದರು. ಮಾಡಿಸಿದಾಗ ಥೈರಾಯ್ಡ್ ಪೂರ್ತಿ ನಾರ್ಮಲ್.

ಆಗುವುದು ಇಷ್ಟೇ. ಲ್ಯಾಬಿನ ಎಷ್ಟೋ ಪರೀಕ್ಷೆಗಳು ಹಾರ್ಮೋನನ್ನು ಹಿಡಿದು ಅಳೆಯಲು ಬಯೋಟಿನ್ನನ್ನೇ ಅಂಟಿನ ಹಾಗೆ ಬಳಸುತ್ತವೆ. ರಕ್ತದಲ್ಲಿ ಬಯೋಟಿನ್ ತುಂಬಿ ಹೋಗಿದ್ದರೆ ಆ ಅಂಟುವ ಜಾಗವನ್ನೆಲ್ಲ ಅದೇ ಹಿಡಿದುಕೊಳ್ಳುತ್ತದೆ, ಲೆಕ್ಕ ತಪ್ಪುತ್ತದೆ. ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲೇ ಇದರ ಬಗ್ಗೆ ಎಚ್ಚರಿಕೆ ಕೊಟ್ಟಿದೆ, 2019ರಲ್ಲಿ ಮತ್ತೆ ಹೇಳಿದೆ. ಥೈರಾಯ್ಡ್ ಒಂದೇ ಆಗಿದ್ದರೆ ಹೋಗಲಿ ಅನ್ನಬಹುದಿತ್ತು. ಹೃದಯಾಘಾತ ಆಗಿದೆಯಾ ಅಂತ ನೋಡುವ ಟ್ರೋಪೋನಿನ್ ಪರೀಕ್ಷೆಯಲ್ಲೂ ಅಂಕಿ ಇರುವುದಕ್ಕಿಂತ ಕಡಿಮೆ ಬರಬಹುದು. ಅದಕ್ಕೇ ಲ್ಯಾಬಿನವರಿಗೂ ಡಾಕ್ಟರಿಗೂ ಬಯೋಟಿನ್ ವಿಷಯ ನೀವೇ ಹೇಳಿ. ಥೈರಾಯ್ಡ್ ಪರೀಕ್ಷೆಗೆ ಕನಿಷ್ಠ 2 ದಿನ ಮುಂಚೆ ನಿಲ್ಲಿಸಬೇಕು. ಡೋಸ್ ದೊಡ್ಡದಿದ್ದರೆ ಇನ್ನೂ ಎಷ್ಟು ಮುಂಚೆ ಅಂತ ಕೇಳಿಕೊಳ್ಳಿ.

ಇಷ್ಟೆಲ್ಲ ಆಗಿ ಕೂದಲಿಗೇನಾದರೂ ಲಾಭ ಆಯಿತಾ? ಇಲ್ಲ. ತೂಕ ಬೇಗ ಇಳಿದಾಗ ಒಂದಷ್ಟು ಕೂದಲು ಒಟ್ಟಿಗೇ ಬೆಳೆಯುವುದನ್ನು ನಿಲ್ಲಿಸಿ, ಎರಡು ಮೂರು ತಿಂಗಳಾದ ಮೇಲೆ ಉದುರುತ್ತವೆ. ಹೆರಿಗೆಯಾದ ಮೇಲೆ ಉದುರುತ್ತಲ್ಲ, ಅದೇ ತರಹ. ಟಿರ್ಜೆಪಟೈಡ್‌ನ ತೂಕದ ಪ್ರಯೋಗಗಳಲ್ಲಿ ಹೆಂಗಸರಲ್ಲಿ ಶೇ. 7ರಷ್ಟು ಮಂದಿ ಕೂದಲು ಉದುರುವುದನ್ನು ಹೇಳಿಕೊಂಡಿದ್ದರು, ಗಂಡಸರಲ್ಲಿ ಶೇ. 1 ಕೂಡ ಇಲ್ಲ. ತೂಕ ಒಂದು ಮಟ್ಟಕ್ಕೆ ನಿಂತ ಮೇಲೆ ಸಾಮಾನ್ಯವಾಗಿ ಮತ್ತೆ ಬರುತ್ತದೆ. ಬಯೋಟಿನ್ ಕೊರತೆ ಇಲ್ಲದವರಿಗೆ ಬಯೋಟಿನ್ ಕೊಟ್ಟರೆ ಕೂದಲು ಬೆಳೆಯುತ್ತದೆ ಅನ್ನುವುದಕ್ಕೆ ಗಟ್ಟಿ ಆಧಾರ ಇಲ್ಲ. ನೋಡಿಸಬೇಕಾದದ್ದು ಫೆರಿಟಿನ್, ಅಂದರೆ ಕಬ್ಬಿಣದ ಸಂಗ್ರಹ. ಆಮೇಲೆ ಪ್ರೋಟೀನ್ ಸಾಕಷ್ಟು ಹೋಗುತ್ತಿದೆಯಾ ಅನ್ನುವುದು. ಕಾಲಜನ್ ಪುಡಿಯನ್ನು ಪ್ರೋಟೀನ್ ಲೆಕ್ಕಕ್ಕೆ ಹಿಡಿಯಬೇಡಿ. ಮೈಗೆ ಊಟದಿಂದಲೇ ಸಿಗಬೇಕಾದ ಟ್ರಿಪ್ಟೋಫಾನ್ ಅನ್ನುವ ಅಮೈನೋ ಆಮ್ಲ ಅದರಲ್ಲಿ ಇಲ್ಲವೇ ಇಲ್ಲ, ಅದು ಅರೆಬರೆ ಪ್ರೋಟೀನ್.

‘ಮಹಿಳೆಯರಿಗಾಗಿಯೇ’ ಅಂತ ಅಷ್ಟು ದೊಡ್ಡದಾಗಿ ಬರೆದವರು ಮಹಿಳೆಯರಿಗೆ ಬೇಕಾದ ಮುಖ್ಯ ವಿಷಯ ಎಲ್ಲೂ ಬರೆದಿರಲಿಲ್ಲ. ಟಿರ್ಜೆಪಟೈಡ್ ತಗೊಳ್ಳುವಾಗ ಗರ್ಭನಿರೋಧಕ ಮಾತ್ರೆಯ ಬಲ ಕುಂದಬಹುದು. ಶುರು ಮಾಡಿದ ಮೇಲೆ 4 ವಾರ, ಡೋಸ್ ಏರಿಸಿದಾಗಲೆಲ್ಲ ಮತ್ತೆ 4 ವಾರ, ಕಾಂಡೋಮ್‌ನಂಥ ಇನ್ನೊಂದು ರಕ್ಷಣೆ ಬೇಕು ಅನ್ನುತ್ತಾರೆ. ಜೋರು ಭೇದಿಯಾದರೂ ಮಾತ್ರೆ ಮೈಗೆ ಸರಿಯಾಗಿ ಹತ್ತುವುದಿಲ್ಲ. ಅಂಥವರ ಕೈಗೆ ಸೆನ್ನಾ ಟೀ ಕೊಡುವುದು ಅಂದರೆ!

ಮಾರಿದವರಿಗೆ ಇದನ್ನೆಲ್ಲ ಬರೆದೆ. ‘ನಿಮ್ಮ ದೇಹ ವಿಷ ಹೊರಹಾಕುತ್ತಿದೆ, ಮುಂದುವರಿಸಿ’ ಅಂತ ಉತ್ತರ ಬಂತು. ಇದೇ ಕಂಪನಿ ಈಗ ಇಂಜೆಕ್ಷನ್‌ಗೆ ಬದಲು ಅಂತ ಮೈಗೆ ಅಂಟಿಸುವ ಪ್ಯಾಚ್ ಮಾರುತ್ತಿದೆ. ಸೆಮಾಗ್ಲುಟೈಡ್‌ನಷ್ಟು ದೊಡ್ಡ ಅಣು ಸುಮ್ನೆ ಅಂಟಿಸಿದರೆ ಚರ್ಮ ದಾಟಿ ಒಳಗೆ ಹೋಗಲ್ಲ. ಇಂಥ ಪ್ಯಾಚ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ಬರ್ಬೆರಿನ್ ತರಹದ ಗಿಡಮೂಲಿಕೆ ಸಾರ. ಆ ದುಡ್ಡೂ ಹೋಯಿತು ಅಂತಲೇ ಲೆಕ್ಕ.

ಕಿಟ್‌ನಲ್ಲಿ ಕೆಲಸಕ್ಕೆ ಬಂದದ್ದು ಕ್ರೀಮು ಒಂದೇ. ಅದಕ್ಕೂ ಈ ಡಬ್ಬಿ ಬೇಕಿರಲಿಲ್ಲ. ಸ್ನಾನ ಆದ ತಕ್ಷಣ, ಮೈ ಇನ್ನೂ ಒದ್ದೆಯಾಗಿರುವಾಗ, ವಾಸನೆ ಇಲ್ಲದ ಮಾಮೂಲಿ ಕ್ರೀಮು ಅಥವಾ ಪೆಟ್ರೋಲಿಯಂ ಜೆಲ್ಲಿ ಹಚ್ಚಿದರೂ ಅಷ್ಟೇ ಚೆನ್ನಾಗಿರುತ್ತದೆ. ಮೇಣದಬತ್ತಿಯನ್ನು ಒಮ್ಮೆ ಹಚ್ಚಿ ನೋಡಿದೆ. ಮೊದಲೇ ವಾಕರಿಕೆ ಬರುವ ಹೊಟ್ಟೆಗೆ ಆ ಗಾಢ ವಾಸನೆ ಬೇರೆ. ಯಾರಿಗೂ ಬೇಡ.

ಡಬ್ಬಿ ಈಗಾಗಲೇ ತರಿಸಿದ್ದರೆ ಅದರಲ್ಲಿ ಏನೇನಿದೆ ಅನ್ನುವ ಪಟ್ಟಿಯ ಫೋಟೋ ತೆಗೆದು ನಿಮ್ಮ ಡಾಕ್ಟರಿಗೋ ಫಾರ್ಮಸಿಸ್ಟ್‌ಗೋ ತೋರಿಸಿ. ವಾಂತಿ ಭೇದಿ ನಿಲ್ಲದಿದ್ದರೆ, ಮೂತ್ರ ಕಡಿಮೆಯಾಗಿ ಗಾಢ ಬಣ್ಣಕ್ಕೆ ತಿರುಗಿದರೆ, ಹೊಟ್ಟೆಯ ಜೋರು ನೋವು ಬೆನ್ನಿಗೆ ಹರಡಿದರೆ ಕಾಯಬೇಡಿ, ಅವತ್ತೇ ಹೋಗಿ. ಇನ್ನೊಂದು, ಇದನ್ನು ‘ಒಂದು ಡಬ್ಬಿ’ ಅಂತ ಮಾರುತ್ತಾರೆ, ಆದರೆ ಒಳಗೆ ತಿಂಗಳ ಚಂದಾ ಅಡಗಿರುತ್ತದೆ. ನಾನು ರದ್ದು ಮಾಡಿದ ಮೇಲೂ ದುಡ್ಡು ಹೋಯಿತು. ಬ್ಯಾಂಕಿಗೆ ಹೇಳಿ ಕಾರ್ಡಿನ ಅನುಮತಿ ತೆಗೆಸಿದ ಮೇಲಷ್ಟೇ ನಿಂತಿದ್ದು.