ಬಳ್ಳಾರಿಯಾಗ ಚೀನೀ ಹೊಸ ವರ್ಷದ ಊಟ, ಮನಿ ಮಂದಿನೆಲ್ಲ ಕರ್ಕೊಂಡು ಹೋಗ್ರಿ

ಬಳ್ಳಾರಿಯಾಗ ಚೈನೀಸ್ ಅಂದ್ರ ಗೋಬಿ ಮಂಚೂರಿ, ಎಗ್ ರೈಸು, ನೂಡಲ್ಸು, ಅಷ್ಟೇ. ಗೋಬಿ ಮಂಚೂರಿ ಅಂತೂ ನಮ್ಮ ದೇಶದಾಗ ಹುಟ್ಟಿದ್ದು. ಅಂಥದ್ರಾಗ ಈ ಹೋಟ್ಲಿನೋರು ಚೀನೀ ಹೊಸ ವರ್ಷಕ್ಕ ಅಂತ ಫ್ಯಾಮಿಲಿ ಟೇಬಲ್ ಇಟ್ಟಾರ, ನಾಲ್ಕೈದು ಮಂದಿಗೆ 1,800 ರೂಪಾಯಿ, ಹೋಳಿ ಹುಣ್ಣಿಮಿ ತನಕ ಇರ್ತೈತಿ.

ಹುಣ್ಣಿಮಿ ತನಕ ಯಾಕಂದ್ರ ಅವರ ಹಬ್ಬ ಒಂದು ದಿನದ್ದಲ್ಲ, ಅಮವಾಸಿಗೆ ಶುರುವಾಗಿ ಹದಿನೈದನೇ ದಿನಕ್ಕ ಲಾಟೀನು ಹಬ್ಬ ಮಾಡಿ ಮುಗಿಸ್ತಾರ. ಈ ಸಲ 2026ರ ಫೆಬ್ರವರಿ 17ಕ್ಕ ಕುದುರೆ ವರ್ಷ ಶುರುವಾತು, ಮಾರ್ಚ್ 3ಕ್ಕ ಹುಣ್ಣಿಮಿ. ಯುಗಾದಿ ಥರಾನೇ ಚಂದ್ರನ ಲೆಕ್ಕ, ಅಧಿಕ ಮಾಸಾನೂ ಐತಿ ಅವರಲ್ಲಿ. ಮುಖ್ಯ ಊಟ ಅಂದ್ರ ಹಿಂದಿನ ರಾತ್ರಿದು, ಎಲ್ಲೆಲ್ಲೋ ದುಡಿಯೋಕೆ ಹೋದ ಮಕ್ಳೆಲ್ಲ ಟ್ರೈನು ಬಸ್ಸು ಹಿಡ್ಕೊಂಡು ಊರಿಗೆ ಬಂದು ಅಪ್ಪ ಅಮ್ಮನ ಜೊತಿ ಕೂತು ಉಣ್ಣಬೇಕು, ಉಂಡ ಮ್ಯಾಲೆ ಜಾಗರಣಿ ಮಾಡ್ಬೇಕು. ಆದ್ರ ಅದು ಸೋಮವಾರ ಬಂದಿತ್ತು, ನಮ್ಮನ್ಯಾಗ ಸೋಮವಾರ ನಾನ್‌ವೆಜ್ ಮುಟ್ಟಲ್ಲ, ಅದಕ್ಕ ಬುಧವಾರ ಹೋದ್ವಿ. ಅವರಲ್ಲಿ ಎರಡನೇ ದಿನ ಮದುವೆಯಾದ ಹೆಣ್ಮಕ್ಳು ಗಂಡ ಮಕ್ಳ ಜೊತಿ ತವರಿಗೆ ಬರೋ ಪದ್ಧತಿ. ನಮ್ಮಕ್ಕ ಶಿವರಾತ್ರಿಗೆ ಬಂದಾಕಿ ಇನ್ನೂ ಇಲ್ಲೇ ಇದ್ಲು, ಇದನ್ನ ಕೇಳಿ ಅವ್ವನ ಪಕ್ಕಕ್ಕೇ ಹೋಗಿ ಕೂತ್ಲು.

ಊಟಕ್ಕ ಬರ್ತೀನಿ. ಮೊದ್ಲು ಡಂಪ್ಲಿಂಗ್, ಜಿಯಾವ್‌ಜಿ ಅಂತಾರ. ನೋಡಕ್ಕ ನಮ್ಮ ಕರಿಗಡಬೇ, ಆದ್ರ ಒಳಗ ಚಿಕನ್ನು ಎಲೆಕೋಸು ಶುಂಠಿ, ಕರಿದಿಲ್ಲ, ಹಬೆಯಾಗ ಬೇಯಿಸ್ಯಾರ. ಹಳೇ ಕಾಲದ ಬೆಳ್ಳಿ ಗಟ್ಟಿ ಆಕಾರಕ್ಕ ಮಡಚೋದ್ರಿಂದ ಅದನ್ನ ತಿಂದ್ರ ವರ್ಷಪೂರ್ತಿ ದುಡ್ಡು ಬರ್ತೈತಿ ಅಂತ ನಂಬಿಕಿ. ಉತ್ತರ ಚೀನಾದಾಗ ಮನಿ ಮಂದಿ ಎಲ್ಲ ಒಟ್ಟಿಗೆ ಕೂತು ಮಡಚ್ತಾರ, ಯಾವುದೋ ಒಂದರಾಗ ನಾಣ್ಯ ಇಟ್ಟಿರ್ತಾರ, ಸಿಕ್ಕೋರಿಗೆ ಅದೃಷ್ಟ. ಇಲ್ಲಿ ಮಕ್ಳಿಗೆ ಹಿಟ್ಟಿನ ಹಾಳೆ, ಹೂರಣ ಕೊಟ್ಟು ಮಡಚಕ್ಕ ಬಿಡ್ತಾರ, ಅದು ನಂಗೆ ಭಾಳ ಅಂದ್ರ ಭಾಳ ಇಷ್ಟ ಆತು, ಅಕ್ಕನ ಮಗಳು ಊಟ ಬಿಟ್ಟು ಅದನ್ನೇ ಮಾಡ್ಕೊಂತ ಕೂತ್ಲು. ನೂಡಲ್ಸನ್ನೂ ತುಂಡು ಮಾಡದೆ ಉದ್ದಕ್ಕೇ ಇಟ್ಟಾರ, ಆಯುಷ್ಯದ ಲೆಕ್ಕ ಅದು.

ಮೀನಿನ ವಿಷಯದಾಗ ಮಾತ್ರ ಹೇಳ್ಲೇಬೇಕು. ಸೋಯಾ ಸಾಸು, ಶುಂಠಿ, ಈರುಳ್ಳಿ ಎಲೆ ಹಾಕಿ ಹಬೆಯಾಗ ಬೇಯಿಸಿದ ಮೀನು, ರುಚಿ ಒಂದು ತೂಕ ಜಾಸ್ತಿನೇ, ಆದ್ರ ಕಿಚನ್ನಾಗೇ ಪೀಸ್ ಪೀಸ್ ಮಾಡಿ ತಂದ್ರು. ಆ ಹಬ್ಬದಾಗ ಮೀನು ತಲಿ ಬಾಲ ಸಮೇತ ಇಡೀದೇ ಬರ್ಬೇಕು, ಪೂರ್ತಿ ತಿನ್ನದೆ ನಾಳಿಗೆ ಒಂಚೂರು ಉಳಿಸ್ಬೇಕು, ವರ್ಷ ಮುಗಿದ್ರೂ ಮನ್ಯಾಗ ಉಳಿತಾಯ ಇರ್ಲಿ ಅಂತ. ಬಡಿಸೋ ಹುಡುಗಂಗೆ ಕೇಳಿದ್ರ "ಅಣ್ಣ, ಇಡೀದು ತಂದ್ರ ಕೆಲವ್ರು ಮುಳ್ಳು ಅಂತ ಬೈತಾರ" ಅಂದ. ಕೇಳಿ ತಂದ್ರಾತು, ಅದರಾಗೇನೈತಿ.

ಇನ್ನೊಂದು, ಬಾಗ್ಲಲ್ಲಿ ಹಾಕಿದ ಬ್ಯಾನರಿನಾಗ ಅನ್ನದ ಬಟ್ಟಲಿಗೆ ಎರಡು ಚಾಪ್‌ಸ್ಟಿಕ್ ನೆಟ್ಟಗ ಚುಚ್ಚಿದ ಫೋಟೋ ಐತಿ. ಚೀನಾದಾಗ ಹಂಗ ಚುಚ್ಚೋದು ಸತ್ತೋರಿಗೆ ಎಡೆ ಇಟ್ಟಂಗ, ಹಬ್ಬದ ದಿನ ಯಾರೂ ಮಾಡಲ್ಲ. ಓನರ್ ದಯವಿಟ್ಟು ಅದನ್ನ ತೆಗಿಸ್ರಿ. ಮಕ್ಳಿಗೆ ಕೆಂಪು ಕವರ್ ಕೊಡೋದು ಒಳ್ಳೆ ಐಡಿಯಾ, ಅವರಲ್ಲಿ ಹಿರೇರು ಮದುವೆಯಾಗದ ಚಿಕ್ಕೋರಿಗೆ ಗರಿಗರಿ ಹೊಸ ನೋಟು ಹಾಕಿ ಕೊಡ್ತಾರ. ಇಲ್ಲಿ ಒಳಗ 40 ರೂಪಾಯಿ ಕೂಪನ್ ಇತ್ತು, ನಾಕು ಅನ್ನೋ ಅಂಕಿ ಅವರಿಗೆ ಆಗಿಬರಲ್ಲ, 60 ಇಲ್ಲ 80 ಮಾಡ್ರಿ, ಎಂಟು ಅವರಿಗೆ ಭಾಳ ಶುಭ.

ಸ್ವೀಟು ಸೂಪರ್. ಜಿಗುಟು ಅಕ್ಕಿ ಹಿಟ್ಟಿನ ಉಂಡಿ, ಒಳಗ ಕರಿ ಎಳ್ಳು ಸಕ್ರಿ, ಬಿಸಿ ಶುಂಠಿ ನೀರಾಗ ತೇಲಿಸಿ ಕೊಡ್ತಾರ. ಅವ್ವಂಗೆ ಹಲ್ಲಿಲ್ಲ, ಆದ್ರೂ ಎರಡು ಸಲ ಹಾಕಿಸ್ಕೊಂಡ್ಲು. ಇದು ಲಾಟೀನು ಹಬ್ಬದ ತಿಂಡಿ, ಕಡೇ ದಿನಕ್ಕ ಹೋದ್ರ ಸರಿಯಾಗಿ ಕೂಡ್ತೈತಿ. ನಿಯನ್‌ಗಾವ್ ಅನ್ನೋ ಹೊಸ ವರ್ಷದ ಅಕ್ಕಿ ಕೇಕು ಮೆನುದಾಗ ಇಲ್ಲ, ಅದಕ್ಕೂ ಜಿಗುಟು ಅಕ್ಕೀನೇ ಬೇಕು, ಗಂಗಾವತಿ ಸೋನಾ ಮಸೂರಿಯಾಗ ಬರಲ್ಲ, ಆದ್ರ ಉಂಡಿಗೆ ಹಿಟ್ಟು ತರಿಸೋರು ಇದಕ್ಕೂ ತರಿಸಬಹುದು.

ಸರ್ವಿಸ್ ಸ್ಲೋ, ಸಂಜಿ ಏಳರ ಒಳಗ ಹೋಗ್ರಿ, ಆಮ್ಯಾಲೆ ಜಾಗ ಸಿಗಲ್ಲ. ವೆಜ್‌ನೋರಿಗೆ ಎಲೆಕೋಸು ಅಣಬಿ ಡಂಪ್ಲಿಂಗು ಮಾಡ್ತಾರ, ಬ್ಯಾರೆ ಪಾತ್ರಿಯಾಗ ಮಾಡ್ರಿ ಅಂತ ಮೊದ್ಲೇ ಹೇಳಿದ್ರ ಕೇಳ್ತಾರ. ಮೀನು ಬೇಕಂದ್ರ ಬೆಳಿಗ್ಗೆನೇ ಫೋನ್ ಮಾಡಿ ಇಡೀದೇ ತರ್ರಿ ಅಂತ ಗಟ್ಟಿಯಾಗಿ ಹೇಳ್ರಿ.