ಬಾಲ್ ಪೈಥಾನ್‌ಗೆ ‘ಮಳೆಗಾಲದ ಶೀತ’ ಅಂದರೆ ನಂಬಬೇಡಿ

ಮನೆಯಲ್ಲಿ ಆಗಲೇ ಹಾವುಗಳಿದ್ದು, ಇನ್ನೊಂದು ಬಾಲ್ ಪೈಥಾನ್ (ಆಫ್ರಿಕಾದ ಸಣ್ಣ ಜಾತಿಯ ಹೆಬ್ಬಾವು) ತರುವ ಯೋಚನೆ ಇದ್ದರೆ, ದುಡ್ಡು ಕೊಡುವ ಮೊದಲು ಇದನ್ನು ಓದಿ. ನಮ್ಮ ಹಾವುಗಳಲ್ಲಿ ಅರ್ಧದಷ್ಟು ಈಗ ಇಲ್ಲ.

ನಮ್ಮದು ಕಾಸರಗೋಡಿನ ಬದಿಯಡ್ಕದ ಹತ್ತಿರ. ಹೊರಗೆ ನಾಗನ ಕಟ್ಟೆಯಲ್ಲಿ ತಂಬಿಲದ ಪೂಜೆ, ಒಳಗೆ ಕೋಣೆಯಲ್ಲಿ ಆಫ್ರಿಕಾದ ಹಾವು. ಅಜ್ಜಿ ಇದನ್ನು ಇವತ್ತಿಗೂ ಒಪ್ಪಿಲ್ಲ, ಅದು ಬೇರೆ ಕತೆ. ಊರಿನ ಹೆಬ್ಬಾವನ್ನು ಸಾಕಿದರೆ 1972ರ ವನ್ಯಜೀವಿ ಕಾಯಿದೆ ಸುಮ್ನೆ ಬಿಡುವುದಿಲ್ಲ. ಬಾಲ್ ಪೈಥಾನ್ ಹೊರದೇಶದ್ದು, ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲಿನಲ್ಲಿ ನೋಂದಣಿ ಮಾಡಿಸಬೇಕು. ನಾವು ಹೊಸದಾಗಿ ಕೊಂಡ ಹಾವಿನ ಕಾಗದಗಳೆಲ್ಲ ಚೊಕ್ಕವಾಗಿಯೇ ಇದ್ದವು. ಕಾಗದ ಸರಿ ಇದೆ ಅಂದರೆ ಹಾವು ಸರಿ ಇದೆ ಅಂತಲ್ಲ ಅಲ್ವಾ?

‘ನಮ್ಮಲ್ಲೇ ಕ್ವಾರಂಟೈನ್ ಮುಗಿಸಿದ್ದೇವೆ, ನೇರ ಉಳಿದವುಗಳ ಜೊತೆ ಇಡಬಹುದು’ ಅಂದರು ಮಾರಿದವರು. ಆದರೂ ನಾವು ಕೆಲವು ವಾರ ಬೇರೆ ಕೋಣೆಯಲ್ಲೇ ಇಟ್ಟೆವು. ಇಲಿ ತಿಂದಿತು, ಒಂದೇ ತುಂಡಾಗಿ ಪೊರೆ ಬಿಟ್ಟಿತು. ಯಾವ ದೋಷವೂ ಕಾಣಲಿಲ್ಲ. ಆಮೇಲೆ ಉಳಿದವುಗಳ ಕೋಣೆಗೇ ತಂದೆವು.

ಆಟಿ ತಿಂಗಳಲ್ಲಿ (ಜುಲೈ–ಆಗಸ್ಟ್) ಮೊದಲು ಕಾಯಿಲೆ ಬಿದ್ದದ್ದು ಅದಲ್ಲ, ಹಳೆಯ ಹೆಣ್ಣು ಹಾವು. ನೀರಿನ ಬಟ್ಟಲಲ್ಲಿ ಲೋಳೆಯ ಎಳೆಗಳು ತೇಲುತ್ತಿದ್ದವು. ಹಾವು ಕುತ್ತಿಗೆಯನ್ನು ಡಬ್ಬದ ಗೋಡೆಗೆ ಆನಿಸಿ, ಮೂತಿ ಮೇಲೆತ್ತಿ, ಬಾಯಿ ಅರೆ ತೆರೆದು ಉಸಿರಾಡುತ್ತಿತ್ತು. ಪ್ರತಿ ಉಸಿರಿಗೂ ಸಣ್ಣ ಕಿರ್ ಶಬ್ದ. ಬಾಯಿ ಬಿಡಿಸಿ ನೋಡಿದರೆ ಒಳಗೆಲ್ಲ ಕೆಂಪು.

ಮಾರಿದವರಿಗೆ ಫೋನ್ ಮಾಡಿದೆ. ‘ಮಳೆಗಾಲದ ಶೀತ, ಬಿಸಿ ಜಾಸ್ತಿ ಕೊಡಿ’ ಅಂತ ಹೇಳಿ, ಆಂಟಿಬಯೋಟಿಕ್ ಇಂಜೆಕ್ಷನ್ ಒಂದರ ಹೆಸರನ್ನೂ ಕೊಟ್ಟರು, ನೀವೇ ಚುಚ್ಚಿ ಅಂತ. ನಾವು ತಲಪಾಡಿ ಗಡಿ ದಾಟಿ ಡಾಕ್ಟರ ಹತ್ತಿರ ಹೋದೆವು. ದನ ನೋಡುವವರು ಎಲ್ಲ ಕಡೆ ಸಿಗುತ್ತಾರೆ, ಹಾವು ನೋಡುವವರನ್ನು ಹುಡುಕಿಯೇ ಸಾಕಾಯಿತು. ಅವರು ಬಾಯಿಯ ಸ್ವಾಬ್ ತೆಗೆದು ಪಿಸಿಆರ್‌ಗೆ ಕಳಿಸಿದರು. ಬಂದ ಉತ್ತರ ನಿಡೋವೈರಸ್, ಹಾವುಗಳ ಬಾಯಿ, ಶ್ವಾಸಕೋಶಕ್ಕೆ ತಗಲುವ ವೈರಸ್. ಆಮೇಲೆ ಹೊಸ ಹಾವನ್ನೂ ಪರೀಕ್ಷಿಸಿದಾಗ ಅದರಲ್ಲೂ ಇತ್ತು, ನೋಡಲು ಮಾತ್ರ ಗಟ್ಟಿಮುಟ್ಟು.

ಬಾಲ್ ಪೈಥಾನ್‌ಗಳಲ್ಲಿ ಈ ವೈರಸ್ಸಿನ ಬಗ್ಗೆ ಮೊದಲ ವರದಿಗಳು ಬಂದದ್ದೇ 2014ರಲ್ಲಿ. ಔಷಧಿ ಇಲ್ಲ, ಲಸಿಕೆಯೂ ಇಲ್ಲ. ಆಂಟಿಬಯೋಟಿಕ್ ಕೊಟ್ಟರೆ ಜೊತೆಗೆ ಸೇರಿಕೊಂಡ ಬ್ಯಾಕ್ಟೀರಿಯಾ ತಗ್ಗುತ್ತದೆ. ಹಾವು ಸ್ವಲ್ಪ ದಿನ ಚೇತರಿಸಿದ ಹಾಗೆ ಕಾಣುತ್ತದೆ, ಮತ್ತೆ ಮಲಗುತ್ತದೆ. ಮಾರುವ ಮೊದಲು ಇಂಥದೇ ಇಂಜೆಕ್ಷನ್ ಬಿದ್ದಿತ್ತೋ ಏನೋ, ನನಗೆ ಆ ಸಂಶಯ ಹೋಗಿಲ್ಲ. ಯಾಕೆಂದರೆ ವರದಿ ಕಳಿಸಿದಾಗ ಅವರು ಹೇಳಿದ್ದು ಇಷ್ಟೇ: ‘ಚೆನ್ನಾಗಿರುವುದನ್ನು ವಾಪಸ್ ಕೊಡಿ, ಬೇರೆ ಗಿರಾಕಿ ಇದ್ದಾರೆ.’

ಕೊಡಲಿಲ್ಲ. ತೀರಾ ನರಳುತ್ತಿದ್ದವಕ್ಕೆ ಡಾಕ್ಟರೇ ನೋವಿಲ್ಲದ ಸಾವು ಕೊಟ್ಟರು. ಉಳಿದವು ನಮ್ಮಲ್ಲೇ ಇವೆ, ಮಾರುವ ಮಾತೇ ಇಲ್ಲ. ‘ಗುಡ್ಡೆಗೆ ಬಿಟ್ಟುಬಿಡಿ ಮಾರಾಯ್ರೆ’ ಅಂತ ನೆಂಟರೊಬ್ಬರು ಹೇಳಿದರು. ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ಆ ಗುಡ್ಡೆಯಲ್ಲಿ ನಮ್ಮ ಊರಿನ ಕಾಡು ಹೆಬ್ಬಾವುಗಳಿವೆ, ಅವಕ್ಕೂ ತಗಲೀತು.

ಕೊಳ್ಳುವಾಗ ಬಾಯಿ ಬಿಡಿಸಿ ತೋರಿಸಲು ಕೇಳಿ. ಯಾವ ಔಷಧಿ ಕೊಟ್ಟಿದ್ದಾರೆ ಅಂತ ಬರೆಸಿಕೊಳ್ಳಿ. ಅವರ ಕ್ವಾರಂಟೈನನ್ನು ಲೆಕ್ಕಕ್ಕೆ ಹಿಡಿಯಬೇಡಿ. ನಿಮ್ಮ ಮನೆಯಲ್ಲಿ ಕಡಿಮೆ ಅಂದರೂ ಮೂರು ತಿಂಗಳು, ಬೇರೆ ಕೋಣೆ, ಬೇರೆ ಇಕ್ಕಳ, ಬೇರೆ ಬಟ್ಟಲು ಇರಲಿ. ಸ್ವಾಬ್ ಪರೀಕ್ಷೆ ಒಮ್ಮೆ ಸಾಲದು, ಆ ಅವಧಿಯ ಕೊನೆಗೆ ಇನ್ನೊಮ್ಮೆ ಮಾಡಿಸಿ. ಪರೀಕ್ಷೆ ಅಂದ ಕೂಡಲೇ ಮಾರುವವರು ದರ ಇಳಿಸಿದರೆ, ಆ ಹಾವು ಬೇಡ.