ಇಎಕ್ಸ್‌ಎಲ್ 110 ತಂತಿ ಸೆಟ್, ಎರಡು ವರ್ಷದ ಬಳಕೆ: ಶ್ರುತಿ ನಿಲ್ಲದಿದ್ದರೆ ಮೊದಲು ನಟ್ ನೋಡಿ

ಡಿ'ಅಡಾರಿಯೋ ಕಂಪನಿಯ ಎಲೆಕ್ಟ್ರಿಕ್ ಗಿಟಾರ್ ತಂತಿಗಳ ಇಎಕ್ಸ್‌ಎಲ್ 110 ಸೆಟ್ಟನ್ನು ಬೈಯುವವರ ದೂರು ಹೆಚ್ಚಾಗಿ ಒಂದೇ: "ಶ್ರುತಿ ನಿಲ್ಲೋದೇ ಇಲ್ಲ." ಆರು ಸ್ಕ್ರೂವಿನ ಟ್ರೆಮೊಲೊ (ತೋಳು ಒತ್ತಿ ಶ್ರುತಿ ಏರಿಳಿಸುವ ಸಾಧನ) ಇರುವ, ಫೆಂಡರ್ ಸ್ಟ್ರ್ಯಾಟೊಕಾಸ್ಟರ್ ಮಾದರಿಯ ಗಿಟಾರಿಗೆ ಎರಡು ವರ್ಷ ಇದೇ ಸೆಟ್ ಹಾಕಿ ಬಳಸಿದ ಮೇಲಿನ ತೀರ್ಪು ಬೇರೆ. ತಂತಿ ಚೆನ್ನಾಗಿದೆ. ಕೆಡುವುದು ಅದನ್ನು ಬಿರಡೆಗೆ ಸುತ್ತುವಾಗ, ನಟ್‌ನ (ಕುತ್ತಿಗೆಯ ತುದಿಯಲ್ಲಿ ತಂತಿಗಳು ಹಾದುಹೋಗುವ ಪಟ್ಟಿ) ತೋಡಿನಲ್ಲಿ, ಟ್ರೆಮೊಲೊದ ಹಿಂದಿನ ಸ್ಪ್ರಿಂಗುಗಳ ಲೆಕ್ಕದಲ್ಲಿ. ಹಾಗಾಗಿ ಈ ವಿಮರ್ಶೆಯಲ್ಲಿ ತಂತಿಗಿಂತ ಅದನ್ನು ಕೂರಿಸುವ ಮಾತೇ ಜಾಸ್ತಿ.

ತಂತಿಯ ದಪ್ಪವನ್ನು ಇಂಚಿನ ಸಾವಿರದ ಭಾಗದಲ್ಲಿ ಹೇಳುತ್ತಾರೆ. ಸೆಟ್ಟಿನಲ್ಲಿ 10, 13, 17 ಬರಿ ಉಕ್ಕಿನ ತಂತಿಗಳು. 26, 36, 46 ನಿಕ್ಕಲ್ ಲೇಪದ ಸುತ್ತು ಇರುವವು. 25.5 ಇಂಚಿನ ಸ್ಕೇಲಿನಲ್ಲಿ (ನಟ್‌ನಿಂದ ಕುದುರೆ, ಅಂದರೆ ಬ್ರಿಡ್ಜ್‌ವರೆಗಿನ ತಂತಿಯ ಉದ್ದ) ಮಾಮೂಲಿ ಇ-ಎ-ಡಿ-ಜಿ-ಬಿ-ಇ ಶ್ರುತಿಗೆ ಆರೂ ತಂತಿಗಳ ಒಟ್ಟು ಎಳೆತ ಸುಮಾರು 47 ಕೆಜಿ. ಇದೇ ಕಂಪನಿಯ 9-42 ಸೆಟ್ಟಿನಲ್ಲಿ ಅದು ಸುಮಾರು 38.5. ಈ ಎಂಟು ಕೆಜಿ ವ್ಯತ್ಯಾಸದ ಮಾತು ಮುಂದೆ ಬರುತ್ತದೆ. ತುದಿಯ ಗುಂಡುಗಳಿಗೆ ಬಣ್ಣ ಇದೆ: ದಪ್ಪ ಇ ಹಿತ್ತಾಳೆ, ಎ ಕೆಂಪು, ಡಿ ಕಪ್ಪು, ಜಿ ಹಸಿರು, ಬಿ ನೇರಳೆ, ತೆಳು ಇ ಬೆಳ್ಳಿ. ಎಲ್ಲ ತಂತಿಗಳೂ ಒಂದೇ ಗಾಳಿಯಾಡದ ಚೀಲದಲ್ಲಿ ಬರುತ್ತವೆ. ಒಂದೊಂದು ತಂತಿಯೂ ಬೇರೆ ಬೇರೆ ಕಾಗದದ ಲಕೋಟೆಯಲ್ಲಿದ್ದರೆ ಅದು ನಕಲಿ ಮಾಲು ಎಂದು ಅನುಮಾನಿಸಿ, ವಾಪಸ್ ಮಾಡಿ. ನಕಲಿ ತಂತಿಯ ದಪ್ಪ ಉದ್ದಕ್ಕೂ ಒಂದೇ ಸಮ ಇರುವುದಿಲ್ಲ. ಅಂಥದ್ದನ್ನು ಯಾವ ಸೆಟಪ್ಪೂ ಶ್ರುತಿಗೆ ತರಲಾರದು.

ಈಗ ಸುತ್ತುವ ಕೆಲಸ. ಮೊದಲ ತಪ್ಪು ಇಲ್ಲೇ ಆಗುವುದು. ತಂತಿ ಉಳಿಯಲಿ ಎಂದು ಏಳೆಂಟು ಸುತ್ತು ಸುತ್ತುತ್ತಾರೆ, ಸುತ್ತಿನ ಮೇಲೆ ಸುತ್ತು ಹತ್ತುತ್ತದೆ, ಪ್ರತಿ ಬೆಂಡಿಗೂ (ಒತ್ತಿದ ತಂತಿಯನ್ನು ಪಕ್ಕಕ್ಕೆ ಎಳೆಯುವುದು) ಆ ಉಂಡೆ ಸ್ವಲ್ಪ ಸ್ವಲ್ಪ ಬಿಗಿಯಾಗುತ್ತಾ ಶ್ರುತಿ ಇಳಿಯುತ್ತದೆ. ಇಲ್ಲವೇ ಒಂದೇ ಸುತ್ತು ಹಾಕಿ, ತೆಳು ತಂತಿ ತೂತಿನಿಂದ ಜಾರುತ್ತದೆ. ಸುತ್ತು ಇರುವ ದಪ್ಪ ತಂತಿಗೆ ಎರಡರಿಂದ ಮೂರು ಸುತ್ತು, ಬರಿ ತಂತಿಗೆ ಮೂರರಿಂದ ನಾಲ್ಕು ಸಾಕು. ಬಿರಡೆ ಕಂಬದ ವ್ಯಾಸ ಸುಮಾರು 6 ಮಿಮೀ, ಅಂದರೆ ಒಂದು ಸುತ್ತಿಗೆ 19 ಮಿಮೀ ಆಸುಪಾಸು ತಂತಿ ಬೇಕು. ಆದ್ದರಿಂದ ತಂತಿಯನ್ನು ಬಿಗಿಯಾಗಿ ಎಳೆದು ಹಿಡಿದು, ತನ್ನ ಕಂಬದಿಂದ ಆಚೆಗೆ ದಪ್ಪ ತಂತಿಗೆ 5 ಸೆಂಮೀ, ತೆಳುವಿಗೆ 7 ಸೆಂಮೀ ಅಳೆದು ಗುರುತು ಮಾಡಿ. ಒಂದೇ ಸಾಲಿನಲ್ಲಿ ಆರು ಬಿರಡೆ ಇರುವ ತಲೆಯಲ್ಲಿ ಅಳತೆಪಟ್ಟಿಯೂ ಬೇಡ: ಕಂಬಗಳ ನಡುವೆ ಸುಮಾರು ಒಂದಿಂಚು ಅಂತರ, ದಪ್ಪ ತಂತಿಗೆ ಎರಡು ಕಂಬದಷ್ಟು, ತೆಳುವಿಗೆ ಸುಮಾರು ಮೂರು ಕಂಬದಷ್ಟು ದೂರದಲ್ಲಿ ಗುರುತು ಹಾಕಿದರೆ ಆಯಿತು. ಕತ್ತರಿಸುವ ಮೊದಲು ಗುರುತಿನಲ್ಲಿ ತಂತಿಯನ್ನು ಲಂಬಕ್ಕೆ ಬಗ್ಗಿಸಿ. ಬಗ್ಗಿಸದೆ ಕತ್ತರಿಸಿದರೆ ಒಳಗಿನ ಎಳೆಯಿಂದ ಹೊರಸುತ್ತು ಸಡಿಲವಾಗುವ ಅಪಾಯವಿದೆ, ಆಮೇಲೆ ಆ ತಂತಿ ಸತ್ತ ದನಿ ಕೊಡುತ್ತದೆ. ಸುತ್ತುಗಳು ಮೇಲಿನಿಂದ ಕೆಳಕ್ಕೆ, ಒಂದರ ಪಕ್ಕ ಒಂದು ಕೂರಬೇಕು. 10 ಮತ್ತು 13ರ ತಂತಿಗೆ ತುದಿಯನ್ನು ತಂತಿಯ ಅಡಿಯಿಂದ ತಂದು ಮೇಲಕ್ಕೆ ಮಡಚಿ, ಸುತ್ತು ಅದನ್ನು ಒತ್ತಿ ಹಿಡಿಯುವಂತೆ ಮಾಡಿದರೆ ಜಾರುವ ಮಾತೇ ಇಲ್ಲ.

ಹಾಕಿದ ಮೇಲೆ ಎಳೆಯಬೇಕು. ಶ್ರುತಿಗೆ ತಂದು, 12ನೇ ಮೆಟ್ಟಿಲಿನ (ಫ್ರೆಟ್) ಬಳಿ ತಂತಿಯನ್ನು ಫ್ರೆಟ್‌ಬೋರ್ಡಿನಿಂದ ಎರಡು ಸೆಂಮೀ ಮೇಲೆತ್ತಿ ಬಿಡಿ, ಮತ್ತೆ ಶ್ರುತಿ ಮಾಡಿ. ಹೊಸ ತಂತಿ ಮೊದಲ ಸಲ ಕಾಲು ಸ್ವರದಷ್ಟು ಇಳಿದರೂ ಗಾಬರಿ ಬೇಡ. ನಾಲ್ಕೈದು ಸಲ ಹೀಗೆ ಎಳೆದ ಮೇಲೆ ಇಳಿಯುವುದು ನಿಲ್ಲುತ್ತದೆ. ಸ್ಯಾಡಲ್ (ಕುದುರೆಯ ಮೇಲೆ ತಂತಿ ಕೂರುವ ತುಂಡು) ಮುಂದೆ ಮತ್ತು ನಟ್ ಮುಂದೆ ಹೆಬ್ಬೆರಳಿನಿಂದ ಒಮ್ಮೆ ಒತ್ತಿ, ಆ ಎರಡು ಕಡೆ ತಂತಿ ನೇರವಾಗಿ ಬಗ್ಗಿ ಕೂರಬೇಕು. ಯಾವಾಗಲೂ ಕೆಳಗಿನಿಂದ ಮೇಲಕ್ಕೆ ಶ್ರುತಿ ಮಾಡಿ. ಏರಿಹೋಗಿದ್ದರೆ ಒಂದು ಸ್ವರ ಇಳಿಸಿ ಮತ್ತೆ ಹತ್ತಿಸಿ. ಬಿರಡೆಯ ಹಲ್ಲುಗಳ ನಡುವಿನ ಸಡಿಲು ಹೀಗೇ ತುಂಬುವುದು.

ಇಷ್ಟಾದರೂ ಶ್ರುತಿ ಹೋಗುತ್ತಿದ್ದರೆ ಯಾವ ದಿಕ್ಕಿಗೆ ಹೋಯಿತು ಎಂದು ನೋಡಿ. ಟ್ಯೂನರ್ ತೆರೆದು, ಒಂದು ದೊಡ್ಡ ಬೆಂಡ್ ಮಾಡಿ ಬಿಡಿ. ತಂತಿ ಇಳಿದಿದೆಯೇ? ಈಗ ನಟ್‌ಗೂ ಬಿರಡೆಗೂ ನಡುವಿನ ತಂತಿಯನ್ನು ಬೆರಳಿನಿಂದ ಒತ್ತಿ ಬಿಡಿ. ಶ್ರುತಿ ಹಿಂದಿರುಗಿದರೆ ದೋಷ ನಟ್‌ನದು: ಬೆಂಡಿನಲ್ಲಿ ಬಿರಡೆ ಕಡೆಯಿಂದ ಎಳೆದುಕೊಂಡ ತಂತಿ ತೋಡಿನಲ್ಲಿ ಸಿಕ್ಕಿಕೊಂಡು ವಾಪಸ್ ಹೋಗಿರಲಿಲ್ಲ. ಒತ್ತಿದ ಮೇಲೂ ಇಳಿದೇ ಇದ್ದರೆ ಕಂಬದಲ್ಲಿ ಜಾರಿದೆ ಅಥವಾ ಸರಿಯಾಗಿ ಎಳೆದಿಲ್ಲ. ಟ್ರೆಮೊಲೊ ತೋಳನ್ನು ಕೆಳಕ್ಕೆ ಒತ್ತಿ ಬಿಟ್ಟಾಗ ಶ್ರುತಿ ಏರಿದ್ದರೆ ಅದೂ ನಟ್ ಕೆಲಸವೇ, ಉಲ್ಟಾ ದಿಕ್ಕಿನಲ್ಲಿ: ಸಡಿಲಾಗಿ ಬಿರಡೆ ಕಡೆ ಸರಿದ ತಂತಿ ಅಲ್ಲೇ ನಿಂತಿದೆ. ಬಿರಡೆ ತಿರುಗಿಸುವಾಗ "ಟಿಂಕ್" ಎಂದು ಸದ್ದಾಗಿ ಶ್ರುತಿ ದಿಢೀರನೆ ಹಾರುವುದೂ ಇದರದೇ ಲಕ್ಷಣ. ಬಿಡಿ ತಂತಿಗಳು (ಬೆರಳು ಒತ್ತದೆ ಮೀಟಿದವು) ಸರಿಯಾಗಿದ್ದು, ಮೊದಲ ಮೆಟ್ಟಿಲಿನ ಕಾರ್ಡುಗಳು ಮಾತ್ರ ಏರಿ ಕೇಳಿದರೆ ತೋಡು ಎತ್ತರವಿದೆ ಎಂದರ್ಥ. ಮೂರನೇ ಮೆಟ್ಟಿಲಿನಲ್ಲಿ ಒತ್ತಿ ಹಿಡಿದಾಗ ಮೊದಲ ಮೆಟ್ಟಿಲಿನ ಮೇಲೆ ಒಂದು ಹಾಳೆಯಷ್ಟು, 0.1 ಮಿಮೀ ಆಸುಪಾಸು, ಬಿಡುವಿರಬೇಕು.

9-42ರಿಂದ 10-46ಕ್ಕೆ ಬರುವವರಿಗೆ ನಟ್ ಗೋಳು ಖಾತ್ರಿ ಎಂದೇ ಇಟ್ಟುಕೊಳ್ಳಿ. 42ಕ್ಕೆ ಕೊರೆದ ತೋಡು ಸುಮಾರು 1.07 ಮಿಮೀ ಅಗಲ. 46ರ ತಂತಿ 1.17 ಮಿಮೀ. ಹಿಡಿದುಕೊಳ್ಳದೆ ಇನ್ನೇನು? ನಟ್ ಫೈಲ್ ಇಲ್ಲದಿದ್ದರೆ ತೋಡಿಗಿಂತ ತೆಳುವಾದ ಹಳೆಯ ತಂತಿಗೆ 600 ಗ್ರಿಟ್ ಮರಳು ಕಾಗದದ ಸಣ್ಣ ತುಂಡು ಮಡಚಿ, ಬಿರಡೆ ಕಡೆಗೆ ಇಳಿಜಾರಿನಲ್ಲಿ ಮೂರು ನಾಲ್ಕು ಸಲ ಮಾತ್ರ ಎಳೆಯಿರಿ, ಬದಿಗಳಿಗೆ ತಾಗುವಂತೆ. ತಳ ಕೊರೆದರೆ ಬಿಡಿ ತಂತಿ ಝೇಂಕರಿಸುತ್ತದೆ, ಆಮೇಲೆ ನಟ್ಟೇ ಬದಲಿಸಬೇಕು. ನಂತರ ಗ್ರಾಫೈಟ್. ಅಪ್ಸರಾ ಡ್ರಾಯಿಂಗ್ ಪೆನ್ಸಿಲ್ 6ಬಿ ಅಥವಾ 8ಬಿ ತೋಡಿನಲ್ಲಿ ಚೆನ್ನಾಗಿ ಗೀಚಿ. ಮಾಮೂಲಿ ಎಚ್‌ಬಿಯಲ್ಲಿ ಗ್ರಾಫೈಟ್ ಕಡಿಮೆ. ಪ್ರತಿ ಸಲ ತಂತಿ ಬದಲಿಸುವಾಗಲೂ ಇದು ಬೇಕು. ಹೊರಗಿನಿಂದ ತರಿಸುವ ದುಬಾರಿ ನಟ್ ಜಾರುಪುಡಿಗಳೂ ಇವೆ; ಪೆನ್ಸಿಲ್ ಕೈಕೊಟ್ಟ ಮೇಲೆ ನೋಡಿದರಾಯಿತು. ತಲೆಯ ಮೇಲಿನ ಸ್ಟ್ರಿಂಗ್ ಟ್ರೀ (ತೆಳು ತಂತಿಗಳನ್ನು ಕೆಳಕ್ಕೆ ಒತ್ತಿ ಹಿಡಿಯುವ ಕೊಕ್ಕೆ) ಅಡಿಗೂ ಎರಡು ಗೀಚು. ಬಿರಡೆ ಕಂಬದ ಬುಡದ ನಟ್‌ಬೋಲ್ಟು ಸಡಿಲವಿದ್ದರೆ ಸ್ಪ್ಯಾನರಿನಿಂದ ಹಗುರವಾಗಿ ಬಿಗಿ ಮಾಡಿ.

ಟ್ರೆಮೊಲೊ ವಿಷಯಕ್ಕೆ ಬಂದರೆ, ಅದು ತಕ್ಕಡಿ. ಒಂದು ಕಡೆ ತಂತಿಗಳು, ಇನ್ನೊಂದು ಕಡೆ ಹಿಂದಿನ ಸ್ಪ್ರಿಂಗುಗಳು. 9ರಿಂದ 10ಕ್ಕೆ ಹೋದಾಗ ಆ ಎಂಟು ಕೆಜಿ ತಕ್ಕಡಿಯ ಒಂದು ತಟ್ಟೆಗೆ ಬೀಳುತ್ತದೆ, ಕುದುರೆಯ ಹಿಂಬದಿ ಎದ್ದು ನಿಲ್ಲುತ್ತದೆ. ಕೆಲವರು ಆಗ ಸ್ಯಾಡಲ್ ಇಳಿಸಿ ಸರಿಮಾಡಲು ಹೋಗುತ್ತಾರೆ, ಅಲ್ಲಿಗೆ ಎಲ್ಲವೂ ಕೆಡುತ್ತದೆ. ಮಾಡಬೇಕಾದ್ದು ಹಿಂದಿನ ಕ್ಲಾ ಸ್ಕ್ರೂಗಳನ್ನು (ಸ್ಪ್ರಿಂಗುಗಳನ್ನು ಎಳೆದು ಹಿಡಿಯುವವು) ಅರ್ಧರ್ಧ ಸುತ್ತು ಬಿಗಿ ಮಾಡುತ್ತಾ, ಪ್ರತಿ ಸಲ ಶ್ರುತಿ ಮಾಡುತ್ತಾ, ಕುದುರೆಯ ಹಿಂಬದಿ ಮೇಲ್ಮೈಯಿಂದ 3.2 ಮಿಮೀ ಎತ್ತರಕ್ಕೆ ತರುವುದು. ಅಳತೆಗೆ ನಾಲ್ಕು ಹಳೆಯ ಎಟಿಎಂ ಕಾರ್ಡು ಸೇರಿಸಿ ಅಡಿಗೆ ತೂರಿಸಿ: ಒಂದು ಕಾರ್ಡು 0.76 ಮಿಮೀ, ನಾಲ್ಕಕ್ಕೆ 3.04. ಕುದುರೆಯ ಮುಂದಿನ ಆರು ಸ್ಕ್ರೂಗಳು ಫಲಕವನ್ನು ಅದುಮಿ ಹಿಡಿದಿರಬಾರದು. ನಡುವಿನ ನಾಲ್ಕನ್ನು ಅರ್ಧ ಸುತ್ತು ಸಡಿಲಿಸಿ, ಎರಡು ಕೊನೆಯವು ಮಾತ್ರ ಕೀಲಿನಂತೆ ಕೆಲಸ ಮಾಡಲಿ. ತೇಲುವ ಕುದುರೆಯಲ್ಲಿ ಒಂದು ತಂತಿ ಏರಿಸಿದರೆ ಉಳಿದವು ಇಳಿಯುತ್ತವೆ, ಹಾಗಾಗಿ ಆರನ್ನೂ ಮೂರು ನಾಲ್ಕು ಸುತ್ತು ಶ್ರುತಿ ಮಾಡದೆ ಬೇರೆ ದಾರಿ ಇಲ್ಲ.

ನವೆಂಬರಿನಲ್ಲಿ ರಾಜ್ಯೋತ್ಸವದ ಬೀದಿ ವೇದಿಕೆಗಳಲ್ಲಿ ಆರ್ಕೆಸ್ಟ್ರಾ ನುಡಿಸುವವರು ಇಷ್ಟೆಲ್ಲ ಬಿಟ್ಟು ಕ್ಲಾ ಸ್ಕ್ರೂ ಬಿಗಿ ಮಾಡಿ ಕುದುರೆಯನ್ನು ಮರಕ್ಕೆ ಒರಗಿಸಿಬಿಡುವುದು ಒಳ್ಳೆಯದು. ತೋಳು ಕೆಳಕ್ಕೆ ಮಾತ್ರ ಹೋಗುತ್ತದೆ, ನಿಜ. ಆದರೆ ಹಾಡಿನ ಮಧ್ಯೆ ಒಂದು ತಂತಿ ಹರಿದರೆ ಉಳಿದ ಐದೂ ಶ್ರುತಿಯಲ್ಲೇ ಇರುತ್ತವೆ. ತೇಲುವ ಕುದುರೆಯಲ್ಲಿ ಐದೂ ಏರಿಹೋಗುತ್ತವೆ. ಇನ್ನೊಂದು: ಸಂಜೆ ಐದಕ್ಕೆ ಸೌಂಡ್ ಚೆಕ್ ಮಾಡಿದ ಗಿಟಾರು ರಾತ್ರಿ ಒಂಬತ್ತರ ಚಳಿಗೆ ಏರಿರುತ್ತದೆ, ಉಕ್ಕು ತಣ್ಣಗಾದರೆ ಕುಗ್ಗುತ್ತದೆ. ಲೈಟಿನ ಬಿಸಿಗೆ ಇಳಿಯುತ್ತದೆ. ಇದಕ್ಕೆ ಸೆಟಪ್ಪಿನಲ್ಲಿ ಮದ್ದಿಲ್ಲ, ಹಾಡಿನ ನಡುವೆ ಟ್ಯೂನರ್ ಪೆಡಲ್ ತುಳಿಯುವುದೇ.

ಕುತ್ತಿಗೆಯ ಬಾಗು: ಮೊದಲ ಮೆಟ್ಟಿಲಿಗೆ ಕ್ಯಾಪೊ (ತಂತಿಗಳನ್ನೆಲ್ಲ ಒತ್ತಿ ಹಿಡಿಯುವ ಕ್ಲಿಪ್ಪು) ಹಾಕಿ, ಕೊನೆಯ ಮೆಟ್ಟಿಲಿನಲ್ಲಿ ಆರನೇ ತಂತಿ ಒತ್ತಿ, 8ನೇ ಮೆಟ್ಟಿಲಿನ ಮೇಲೆ 0.25 ಮಿಮೀ ಫೀಲರ್ ಗೇಜ್ (ಸಂದು ಅಳೆಯುವ ತೆಳು ಲೋಹದ ಪಟ್ಟಿ) ಹಗುರವಾಗಿ ಹೋಗಬೇಕು. ಗಿಟಾರ್ ಅಂಗಡಿಯಲ್ಲಿ ಕೇಳಬೇಡಿ, ಬೆಂಗಳೂರಿನ ಜೆಸಿ ರಸ್ತೆಯ ಆಟೋ ಬಿಡಿಭಾಗದ ಅಂಗಡಿಗಳಲ್ಲಿ ಇದು ಮಾಮೂಲಿ ಸಾಮಾನು. ಬಾಗು ಸರಿಪಡಿಸುವ ಟ್ರಸ್ ರಾಡ್ (ಕುತ್ತಿಗೆಯೊಳಗಿನ ಸರಳು) ಒಂದು ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ಬೇಡ. ತಂತಿಯ ಎತ್ತರ 17ನೇ ಮೆಟ್ಟಿಲಿನಲ್ಲಿ 1.6 ಮಿಮೀ. ಕೊನೆಗೆ ಇಂಟೊನೇಶನ್, ಅಂದರೆ ಮೆಟ್ಟಿಲುಗಳ ಮೇಲೂ ಸ್ವರ ಸರಿಯಿರುವಂತೆ ಮಾಡುವುದು: 12ನೇ ಮೆಟ್ಟಿಲಿನ ಹಾರ್ಮೋನಿಕ್‌ಗಿಂತ (ತಂತಿಯನ್ನು ಒತ್ತದೆ, ಬೆರಳು ತಾಗಿಸಿ ಮಾತ್ರ ಮೀಟಿದ ಸ್ವರ) ಒತ್ತಿದ ಸ್ವರ ಏರಿದ್ದರೆ ಸ್ಯಾಡಲ್ ಹಿಂದಕ್ಕೆ, ಇಳಿದಿದ್ದರೆ ಮುಂದಕ್ಕೆ. ವೀಣೆಯಲ್ಲಿ ಮೇಣದ ಮೇಲಿನ ಮೆಟ್ಟಿಲನ್ನೇ ಸರಿಸಿ ಮೇಳ ಕಟ್ಟುತ್ತಾರೆ. ಇಲ್ಲಿ ಮೆಟ್ಟಿಲು ಅಲುಗುವುದಿಲ್ಲ, ಆದ್ದರಿಂದ ತಂತಿಯ ಉದ್ದವನ್ನೇ ಸರಿಸಬೇಕು. 17ರ ಜಿ ತಂತಿ ಬರಿ ತಂತಿಗಳಲ್ಲೆಲ್ಲ ದಪ್ಪ, ಅದರ ಸ್ಯಾಡಲ್ ಬಿ ತಂತಿಯದಕ್ಕಿಂತ ಹಿಂದೆ ನಿಂತರೆ ತಪ್ಪು ಮಾಡಿದಿರಿ ಎಂದಲ್ಲ. ಹಳೆಯ ತಂತಿಯ ಮೇಲೆ ಇಂಟೊನೇಶನ್ ಮಾಡುವುದು ಮಾತ್ರ ದಂಡ.

ಪಿಕಪ್ಪುಗಳನ್ನು (ತಂತಿಯ ಅಡಿಯಲ್ಲಿ ದನಿ ಹಿಡಿಯುವ ಭಾಗ) ತೀರಾ ಎತ್ತರಿಸಿದರೆ ಅಯಸ್ಕಾಂತ ದಪ್ಪ ತಂತಿಗಳನ್ನೆಳೆದು, 12ರ ಮೇಲಿನ ಸ್ವರಗಳು ನಡುಗುತ್ತವೆ. ಯಾವ ಟ್ಯೂನರಿಗೂ ಸಿಗದ ಶ್ರುತಿದೋಷ ಇದು; ಇಳಿಸಿ ನೋಡಿ.

ಬಾಳಿಕೆ? ದಿನಕ್ಕೊಂದು ಗಂಟೆ ನುಡಿಸಿದರೆ ಬೆಂಗಳೂರಿನ ಒಣ ತಿಂಗಳುಗಳಲ್ಲಿ ಎಂಟು ವಾರದವರೆಗೆ ದನಿ ಚೆನ್ನಾಗಿರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾಲ್ಕೈದು ವಾರಕ್ಕೇ ಬರಿ ತಂತಿಗಳ ಅಡಿಯಲ್ಲಿ ತುಕ್ಕಿನ ಚುಕ್ಕೆ, ಬೆರಳಿಗೆ ಒರಟು. ಲೇಪ ಇಲ್ಲದ ಸೆಟ್ಟಿನಿಂದ ಹೆಚ್ಚು ಬಯಸುವಂತಿಲ್ಲ, ಆದರೂ ಅರ್ಧ ಸ್ಟಾರ್ ಕಳೆದದ್ದು ಇದಕ್ಕೇ. ನುಡಿಸಿದ ಮೇಲೆ ಹಳೆಯ ಹತ್ತಿ ಬಟ್ಟೆಯಿಂದ ತಂತಿಯ ಅಡಿಯನ್ನೂ ಒರೆಸಿ, ಕೇಸಿನಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಟ್ಟರೆ ಒಂದು ವಾರ ಹೆಚ್ಚು ಸಿಗುತ್ತದೆ.

ಲಾಕಿಂಗ್ ಬಿರಡೆ (ತಂತಿಯನ್ನು ಕಚ್ಚಿ ಹಿಡಿಯುವಂಥದ್ದು) ಹಾಕಿಸಲೇ ಎನ್ನುವವರಿಗೆ: ತಂತಿ ಬದಲಿಸುವುದು ಬೇಗ ಆಗುತ್ತದೆ, ಕಂಬದಲ್ಲಿ ಜಾರುವುದು ನಿಲ್ಲುತ್ತದೆ. ನಟ್ ಹಿಡಿಯುತ್ತಿದ್ದರೆ ಅದು ಹಾಗೇ ಹಿಡಿಯುತ್ತದೆ. ಸೆಟಪ್ಪಿಗೆ ಅಂಗಡಿಗೆ ಕೊಡುವುದಾದರೆ ಬಾಗು, 17ನೇ ಮೆಟ್ಟಿಲಿನ ಎತ್ತರ, ಕುದುರೆಯ ಬಿಡುವು, ಮೂರನ್ನೂ ಕೆಲಸಕ್ಕೆ ಮೊದಲು ಮತ್ತು ನಂತರ ಚೀಟಿಯಲ್ಲಿ ಬರೆದು ಕೊಡಲು ಹೇಳಿ. ಬರೆಯಲು ತಡವರಿಸಿದರೆ ಅಲ್ಲಿ ಆಗುವುದು ಒರೆಸಿ ತಂತಿ ಹಾಕುವ ಕೆಲಸ ಅಷ್ಟೇ.

ಐದಕ್ಕೆ ನಾಲ್ಕೂವರೆ. ಹರಿಯುವುದು ಹೆಚ್ಚಾಗಿ 10ರದ್ದೇ, ಅದೂ ಸ್ಯಾಡಲ್ ಮೇಲೆ. ಅಲ್ಲೇ ಮತ್ತೆ ಮತ್ತೆ ಹರಿದರೆ ಸ್ಯಾಡಲಿನ ಚೂಪು ಅಂಚನ್ನು ಅದೇ 600ರ ಕಾಗದದಿಂದ ಉಜ್ಜಿ. 10ರ ತಂತಿಯೊಂದೇ ಬಿಡಿಯಾಗಿ ಪಿಎಲ್ 010 ಎಂಬ ಸಂಖ್ಯೆಯಲ್ಲಿ ಸಿಗುತ್ತದೆ, ಕೇಸಿನಲ್ಲಿ ಎರಡು ಇರಲಿ.